ದೊಡ್ಡಪ್ಪ, ರೂಟರ್ ಮತ್ತು ಮೂರು ವಯರ್

ಡೊಂಬಿವಿಲಿಯಲ್ಲಿ ಬಿಲ್ಡಿಂಗ್ ಕಟ್ಟುವವರು ಮನೆಯೊಳಗೆ ದೇವರಿಗೆ ಜಾಗ ಬಿಡುತ್ತಾರೆ, ಪ್ಲಗ್ ಪಾಯಿಂಟಿಗೆ ಬಿಡುವುದಿಲ್ಲ. ನಮ್ಮ ಹಾಲಿನಲ್ಲಿರುವುದು ಒಂದೇ ಪಾಯಿಂಟು. ಅದಕ್ಕೊಂದು ಎಕ್ಸ್‌ಟೆನ್ಶನ್ ಬೋರ್ಡ್. ಆ ಬೋರ್ಡಿನಲ್ಲಿ ಟೀವಿ, ಎರಡು ಮೊಬೈಲ್ ಚಾರ್ಜರ್, ವೈಫೈ ರೂಟರ್, ಶನಿವಾರ ಸಂಜೆಯಾದರೆ ದೋಸೆ ಹಿಟ್ಟಿನ ಗ್ರೈಂಡರ್. ಇವೆಲ್ಲದರ ಮೇಲೆ ದೊಡ್ಡಪ್ಪನ ಕಣ್ಣು.

ದೊಡ್ಡಪ್ಪ ಕುಂದಾಪುರದ ಕಡೆಯವರು. ಚಡ್ಡಿ ಹಾಕುವ ವಯಸ್ಸಿನಲ್ಲಿ ಮುಂಬೈಗೆ ಬಂದವರು. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ಟೇಬಲ್ ಒರೆಸಿ, ಕೊನೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಮ್ಯಾನೇಜರ್ ಆಗಿ ಕೂತರು. ರಾತ್ರಿ ಎಲ್ಲ ಸ್ವಿಚ್ ಆರಿಸಿ, ಶಟರ್ ಎಳೆದು, ಬೀಗವನ್ನು ಎರಡು ಸಲ ಜಗ್ಗಿ ನೋಡಿ ಹೊರಡುವುದು ಅವರ ಕೆಲಸವಾಗಿತ್ತು. ಹೋಟೆಲ್ ಬಿಟ್ಟು ಎಷ್ಟೋ ವರ್ಷವಾಯಿತು. ಸ್ವಿಚ್ ಆರಿಸುವುದನ್ನು ಮಾತ್ರ ಬಿಟ್ಟಿಲ್ಲ. ಮನೆಯಲ್ಲಿ ಏನೇ ಮಿನುಗಿದರೂ ಅದು ಕರೆಂಟ್ ಬಿಲ್ಲು ಅಂತಲೇ ಅವರ ಲೆಕ್ಕ.

ನಮ್ಮ ರೂಟರ್‌ಗೆ ಅದರ ಕಂಪನಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ಇಂಥ ಅನಾಥ ಪೆಟ್ಟಿಗೆಗಳಿಗೆ ಓಪನ್‌ವರ್ಟ್ ಎಂಬ ಪುಕ್ಕಟೆ ತಂತ್ರಾಂಶ ಇದೆ. ಅದರ ಹುಟ್ಟಿನ ಕತೆಯೂ ಚೆನ್ನಾಗಿದೆ. 2002ರ ಕೊನೆಗೆ ಲಿಂಕ್‌ಸಿಸ್‌ನವರು ಒಂದು ನೀಲಿ-ಕಪ್ಪು ರೂಟರ್ ಮಾರಾಟಕ್ಕೆ ಬಿಟ್ಟರು. ಒಳಗೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಇದೆ ಎಂಬುದನ್ನು ಕೆಲವರು ಪತ್ತೆ ಹಚ್ಚಿದರು. ಲಿನಕ್ಸ್ ಬಳಸಿದ ಮೇಲೆ ಅದರ ಸೋರ್ಸ್ ಕೋಡ್ ಕೊಡಲೇಬೇಕು ಅಂತ ಲೈಸೆನ್ಸಿನಲ್ಲಿದೆ. ಗಲಾಟೆಯಾಗಿ 2003ರಲ್ಲಿ ಕೋಡ್ ಹೊರಬಂತು. ಮರುವರ್ಷ ಅದೇ ಕೋಡಿನಿಂದ ಓಪನ್‌ವರ್ಟ್ ಶುರುವಾಯಿತು. ಹಕ್ಕಿನ ಮಾತಾಡಿ ಏನೂ ದಕ್ಕದ ಈ ಲೋಕದಲ್ಲಿ ಹೀಗೂ ಒಮ್ಮೊಮ್ಮೆ ಆಗುತ್ತದೆ.

ಇರಲಿ. ಎಲ್ಲರೂ ಮಲಗಿದ ಮೇಲೆ ಓಪನ್‌ವರ್ಟ್‌ನ ಫರ್ಮ್‌ವೇರ್, ಅಂದರೆ ರೂಟರನ್ನು ನಡೆಸುವ ತಂತ್ರಾಂಶ, ಹಾಕಲು ಕೂತೆ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಎಚ್ಚರಿಕೆ: ಕರೆಂಟ್ ತೆಗೆಯಬೇಡಿ. ಅದನ್ನು ನಾನು ಓದಿದೆ. ದೊಡ್ಡಪ್ಪ ಓದಲಿಲ್ಲ. ನೀರು ಕುಡಿಯಲು ಎದ್ದವರು ಹಾದಿಯಲ್ಲಿ ಬೋರ್ಡಿಗೆ ಕೈ ಹಾಕಿ ಟಕ್ ಅನ್ನಿಸಿದರು.

"ರಾತ್ರಿ ಇಡೀ ಇದು ಎಂತಕ್ಕೆ ಮಾರಾಯ ಮಿಣಮಿಣ ಮಾಡ್ತಾ ಉಂಟು?"

ಆಮೇಲೆ ಅದು ಮಿಣಮಿಣ ಮಾಡಲಿಲ್ಲ. ಹಳೆಯ ತಂತ್ರಾಂಶ ಅಳಿಸಿಯಾಗಿತ್ತು, ಹೊಸದು ಅರ್ಧ ಮಾತ್ರ ಹೋಗಿತ್ತು. ಪವರ್ ದೀಪ ಹತ್ತುತ್ತದೆ. ಉಳಿದ ದೀಪಗಳು ಒಂದು ಸಲ ಎಲ್ಲ ಸೇರಿ ಬೆಳಗಿ ಆರುತ್ತವೆ. ಸ್ವಲ್ಪ ಹೊತ್ತಿಗೆ ಮತ್ತೆ ಬೆಳಗಿ ಆರುತ್ತವೆ. ರಿಸೆಟ್ ಬಟನ್ನಿಗೆ ಪಿನ್ನು ಚುಚ್ಚಿ ಹಿಡಿದರೂ ಅಷ್ಟೇ. ಇದಕ್ಕೆ ರೂಟರ್ ಬ್ರಿಕ್ ಆಯಿತು, ಅಂದರೆ ಇಟ್ಟಿಗೆಯಾಯಿತು ಅನ್ನುತ್ತಾರೆ.

ಬೆಳಿಗ್ಗೆ ಮನೆಯಲ್ಲಿ ಸಭೆ ಸೇರಿತು. ಹೆಂಡತಿಗೆ ಆಫೀಸಿನ ಮೀಟಿಂಗು, ಮಗಳಿಗೆ ಆನ್‌ಲೈನ್ ಟ್ಯೂಶನ್ನು. ಇಂಟರ್ನೆಟ್ ಕೇಬಲ್ ಹಾಕುವ ಹುಡುಗ ಬಂದು ಮೂರು ಸಲ ಆಫ್-ಆನ್ ಮಾಡಿ, "ಖತಮ್, ನಯಾ ಲೇಲೋ" ಎಂದು ಹೊಸದರ ರೇಟು ಹೇಳಿದ. ಸೊಸೈಟಿಯ ಸೆಕ್ರೆಟರಿ ಇದು ಮಳೆಗಾಲದ ತೇವ ಅಂದರು. ದೊಡ್ಡಪ್ಪ, "ರಾತ್ರಿ ಸ್ವಲ್ಪ ಬಿಸಿ ಇತ್ತು ಅದು" ಎಂದಷ್ಟೇ ಹೇಳಿ ಪೇಪರ್ ಬಿಡಿಸಿದರು. ಎಲ್ಲರೂ ಕಾರಣ ಹೇಳಿದರು. ಯಾರೂ ರೂಟರನ್ನು ಕೇಳಲಿಲ್ಲ.

ಕೇಳುವ ದಾರಿ ಇದೆ. ಹೆಚ್ಚಿನ ರೂಟರ್‌ಗಳ ಬೋರ್ಡಿನ ಮೂಲೆಯಲ್ಲಿ ಸಾಲಾಗಿ ನಾಲ್ಕು ತೂತು ಇರುತ್ತವೆ. ಕಾರ್ಖಾನೆಯಲ್ಲಿ ಇಂಜಿನಿಯರುಗಳು ಒಳಗಿನ ಮಾತು ಕೇಳಲು ಇಟ್ಟುಕೊಂಡ ಬಾಗಿಲು ಅದು. ಸೀರಿಯಲ್ ಕನ್ಸೋಲ್ ಅದರ ಹೆಸರು. ರೂಟರ್ ಕಣ್ಣು ಬಿಟ್ಟ ಗಳಿಗೆಯಿಂದ ತನಗೆ ಏನಾಗುತ್ತಿದೆ ಅಂತ ಅಲ್ಲಿ ಸಾಲು ಸಾಲಾಗಿ ಹೇಳುತ್ತಲೇ ಇರುತ್ತದೆ. ನಾವು ಮುಚ್ಚಳ ಹಾಕಿ, ಮೇಲೊಂದು ಕ್ರೋಶಾದ ಬಟ್ಟೆ ಹೊದಿಸಿ ಇಟ್ಟಿರುತ್ತೇವೆ.

ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಲು ಒಂದು ಪುಟ್ಟ ಅಡಾಪ್ಟರ್ ಬೇಕು. ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್. ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂಬ ಹೆಸರು ಬೋರ್ಡಿನ ಮೇಲಿದೆ. ಜನರ ಬಾಯಲ್ಲಿ ಮಾತ್ರ 1903ರಿಂದ 1907ರವರೆಗೆ ಗವರ್ನರ್ ಆಗಿದ್ದ ಲ್ಯಾಮಿಂಗ್ಟನ್ ಸಾಹೇಬ ಇನ್ನೂ ಬದುಕಿದ್ದಾನೆ. ಕೌಂಟರಿನ ಹುಡುಗ ತಲೆ ಎತ್ತದೆ ಕೇಳಿದ: "ಟಿಟಿಎಲ್ ವಾಲಾ ಯಾ ಪುರಾನಾ ವಾಲಾ?"

ಒಳ್ಳೆಯ ಪ್ರಶ್ನೆ. ಹಳೆಯ ಕಂಪ್ಯೂಟರಿನ ಒಂಬತ್ತು ಪಿನ್ನಿನ ಪೋರ್ಟು 1960ರ ಕಾಲದ ಆರ್‌ಎಸ್-232 ಪದ್ಧತಿಯದು. ಅದರಲ್ಲಿ ವೋಲ್ಟೇಜು ಪ್ಲಸ್ಸಿನಿಂದ ಮೈನಸ್ಸಿಗೆ, ಹನ್ನೆರಡರ ಆಸುಪಾಸಿನಲ್ಲಿ ಜಿಗಿಯುತ್ತದೆ. ರೂಟರಿನ ಚಿಪ್ ತಡೆಯುವುದು 3.3 ವೋಲ್ಟ್. ಟಿಟಿಎಲ್ ಅಂದರೆ ಅಂಥ ಕಡಿಮೆ ವೋಲ್ಟೇಜಿನದು. ಹಳೆಯದನ್ನು ಚುಚ್ಚಿದರೆ ಅರೆಜೀವದ ರೂಟರ್ ಪೂರ್ತಿ ಹೋಗುತ್ತದೆ. "ರೂಟರ್ ಮರ್ ಗಯಾ ಕ್ಯಾ?" ಎಂದು ಅವನೇ ಊಹಿಸಿ, ಸಿಪಿ2102 ಚಿಪ್ಪಿನದೊಂದನ್ನು ತೆಗೆದಿಟ್ಟ. ಇನ್ನೂರು ರೂಪಾಯಿಗೆ ಸ್ವಲ್ಪ ಕಡಿಮೆ. ಮೂರು ಬಣ್ಣದ ಜಂಪರ್ ವಯರ್ ಕೊಸರು.

ಸೋಲ್ಡರಿಂಗ್ ನಮ್ಮ ಡೈನಿಂಗ್ ಟೇಬಲ್ ಮೇಲೆ ನಡೆಯಿತು. ಸೋಲ್ಡರ್ ತಂತಿಯೊಳಗಿನ ರಾಳ ಪೈನ್ ಮರದ ಅಂಟು. ಕಾದಾಗ ಒಳ್ಳೆಯ ವಾಸನೆ. ಅತ್ತೆ ಒಳಗಿನಿಂದ, "ಈ ಹೊತ್ತಿನಲ್ಲಿ ಧೂಪ ಯಾರು ಹಾಕಿದ್ದು?" ಎಂದು ಕೇಳಿದರು. ನಾಲ್ಕು ತೂತಿಗೂ ಹೆಸರು ಬರೆದಿರಲಿಲ್ಲ. ಮಲ್ಟಿಮೀಟರಿನಿಂದ ಕಂಡುಹಿಡಿಯಬೇಕು. ಕರೆಂಟ್ ತೆಗೆದು ಲ್ಯಾನ್ ಪೋರ್ಟಿನ ಲೋಹದ ಕವಚಕ್ಕೂ ತೂತಿಗೂ ಹಿಡಿದಾಗ ಬೀಪ್ ಅಂದದ್ದು ಗ್ರೌಂಡ್. ಕರೆಂಟ್ ಕೊಟ್ಟಾಗ 3.3ರಲ್ಲಿ ಅಲುಗದೆ ನಿಂತದ್ದು ವಿಸಿಸಿ, ಅಂದರೆ ಕರೆಂಟಿನ ತೂತು. ಅದರ ತಂಟೆಗೆ ಹೋಗಬಾರದು. ಅಂಕಿ ಕುಣಿದದ್ದು ಟಿಎಕ್ಸ್, ಅಂದರೆ ರೂಟರಿನ ಬಾಯಿ. ಉಳಿದದ್ದು ಅದರ ಕಿವಿ, ಆರ್‌ಎಕ್ಸ್. ಅದರ ಬಾಯಿ ನಮ್ಮ ಅಡಾಪ್ಟರಿನ ಕಿವಿಗೆ, ನಮ್ಮ ಬಾಯಿ ಅದರ ಕಿವಿಗೆ ಜೋಡಿಸಬೇಕು. ಬಾಯಿಗೆ ಬಾಯಿ ಜೋಡಿಸಿದರೆ ಇಬ್ಬರೂ ಮಾತಾಡುತ್ತಾರೆ, ಯಾರಿಗೂ ಏನೂ ಕೇಳುವುದಿಲ್ಲ. ನಮ್ಮ ಸೊಸೈಟಿಯ ವಾರ್ಷಿಕ ಸಭೆ ಆ ವೈರಿಂಗಿನಲ್ಲೇ ನಡೆಯುವುದು.

ರೂಟರ್ ಹೇಳಿದ್ದನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುವ ಪುಟ್ಟಿ ತಂತ್ರಾಂಶ ತೆರೆದೆ. ಪರದೆಯಲ್ಲಿ ಪ್ರಶ್ನಾರ್ಥಕ, ಚೌಕ, ಅಡ್ಡಗೆರೆ, ಮುರುಕು ಅಕ್ಷರ. ದೊಡ್ಡಪ್ಪ ಕನ್ನಡಕ ಏರಿಸಿ, "ಇದೆಂತ, ಮೋಡಿ ಲಿಪಿಯಾ?" ಎಂದರು. ಫೋರ್ಟಿನಲ್ಲಿ ಹಳೇ ಮರಾಠಿ ದಸ್ತಾವೇಜು ನೋಡಿದ ನೆನಪು. ವೇಗ ಹೊಂದಿರಲಿಲ್ಲ, ಅಷ್ಟೇ. ಪುಟ್ಟಿ ತಾನಾಗಿ 9600ರಲ್ಲಿ ನಿಂತಿರುತ್ತದೆ, ರೂಟರ್ ಮಾತಾಡುವುದು 115200 ಬಾಡ್‌ನಲ್ಲಿ. ಬದಲಿಸಿದೆ. ಒಮ್ಮೆಲೇ ಅಚ್ಚುಕಟ್ಟು ಇಂಗ್ಲಿಷ್. ರೂಟರನ್ನು ಎಬ್ಬಿಸುವ ಪುಟ್ಟ ತಂತ್ರಾಂಶ ಯು-ಬೂಟ್ ಎದ್ದಿತು, ರ‍್ಯಾಮ್ ಎಣಿಸಿತು, ತಂತ್ರಾಂಶ ಕೂರುವ ಫ್ಲ್ಯಾಶ್ ಮೆಮೊರಿ ಎಣಿಸಿತು, ಆಮೇಲೆ ಹೇಳಿತು: "ಎಲ್‌ಜೆಡ್‌ಎಂಎ ಎರರ್ 1, ಮಸ್ಟ್ ರಿಸೆಟ್ ಬೋರ್ಡ್ ಟು ರಿಕವರ್." ಅಂದರೆ ಅದುಮಿಟ್ಟ ತಂತ್ರಾಂಶವನ್ನು ಬಿಚ್ಚಲು ಆಗುತ್ತಿಲ್ಲ, ಬೋರ್ಡನ್ನು ಮತ್ತೆ ಶುರು ಮಾಡಬೇಕು. ಹೇಳಿದಂತೆ ತಾನೇ ರಿಸೆಟ್ ಆಯಿತು. ಮತ್ತೆ ಅದೇ.

ನಮ್ಮ ಮನೆಯಲ್ಲಿ ತನಗೆ ಏನಾಗಿದೆ ಎಂದು ಕೇಳಿದ ಕೂಡಲೇ ನೇರವಾಗಿ ಹೇಳಿದ ಮೊದಲ ಸದಸ್ಯ ಅದು. ನನ್ನ ಹೆಂಡತಿ "ಏನಿಲ್ಲ" ಅನ್ನುತ್ತಾಳೆ. ಮಗಳು ಬಾಗಿಲು ಹಾಕಿಕೊಳ್ಳುತ್ತಾಳೆ.

ದೊಡ್ಡಪ್ಪ ಮಾತ್ರ ಆ ಸಾಲನ್ನೇ ದಿಟ್ಟಿಸುತ್ತಾ ಕೂತರು. "ಟೆಲಿಗ್ರಾಮಿನ ಹಾಗೆ ಉಂಟಲ್ಲ ಮಾರಾಯ ಇದು." ನಿಜಕ್ಕೂ ಹಾಗೇ. ಒಂದೇ ತಂತಿ, ಒಂದರ ಹಿಂದೆ ಒಂದು ಸಂಕೇತ. ಬಾಡ್ ಎಂಬ ಅಳತೆಗೆ ಹೆಸರು ಕೊಟ್ಟ ಎಮಿಲ್ ಬೋಡೋ ಕೂಡ ಫ್ರಾನ್ಸಿನ ಟೆಲಿಗ್ರಾಫ್ ಇಂಜಿನಿಯರ್. ಆದರೆ ದೊಡ್ಡಪ್ಪನ ತಲೆಯಲ್ಲಿದ್ದದ್ದು ಬೇರೆ. ಹೋಟೆಲ್ ಹುಡುಗರಿಗೆ ರಜೆ ಬೇಕಾದರೆ ಊರಿನಿಂದ ಟೆಲಿಗ್ರಾಮ್ ಬರುತ್ತಿತ್ತು: "ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯಟ್ಲಿ." ಯಕ್ಷಗಾನದ ಮೇಳ ಹೊರಡುವ ಸಮಯಕ್ಕೆ, ಭೂತಕೋಲದ ಸಮಯಕ್ಕೆ ಎಷ್ಟೋ ತಾಯಂದಿರು ಸೀರಿಯಸ್. ಯಾವುದು ನಿಜ, ಯಾವುದು ಸುಳ್ಳು ಎಂದು ತೀರ್ಮಾನಿಸುವುದು ಮ್ಯಾನೇಜರ್ ಕೆಲಸ. ಸರಕಾರ 2013ರ ಜುಲೈಯಲ್ಲಿ ಟೆಲಿಗ್ರಾಮ್ ಸೇವೆಯನ್ನೇ ಮುಚ್ಚಿದಾಗ ಒಂದು ವಿದ್ಯೆ ವ್ಯರ್ಥವಾಯಿತಲ್ಲ ಅಂತ ಅವರಿಗೆ ಬೇಸರವಾಗಿತ್ತಂತೆ.

"ಇದು ನಿಜದ್ದು," ಎಂದು ತೀರ್ಪು ಕೊಟ್ಟರು. "ಸುಳ್ಳು ಹೇಳುವವ ಇಷ್ಟು ಸಲ ಒಂದೇ ತರ ಹೇಳುವುದಿಲ್ಲ."

ಇನ್ನು ಯು-ಬೂಟನ್ನು ನಡುವೆ ತಡೆದು ನಿಲ್ಲಿಸಬೇಕು. ಕರೆಂಟ್ ಕೊಟ್ಟ ಮೇಲೆ ಒಂದು ಸೆಕೆಂಡಿನ ಅವಕಾಶ. ಅಷ್ಟರಲ್ಲಿ ಟಿ, ಪಿ, ಎಲ್ ಎಂಬ ಮೂರು ಅಕ್ಷರ ಒತ್ತಬೇಕು. ಟೈಪ್ ಮಾಡಲು ನಾನು. ಸ್ವಿಚ್ಚಿಗೆ ಯಾರು? ಮನೆಯಲ್ಲಿ ಆ ಕೆಲಸದ ಅನುಭವ ಇರುವುದು ಒಬ್ಬರಿಗೇ.

"ಆರಿಸಿ… ಈಗ ಹಾಕಿ!"

ದೊಡ್ಡಪ್ಪ ಪಂಚೆ ಎತ್ತಿಕಟ್ಟಿ ಬೋರ್ಡಿನ ಮುಂದೆ ಕೂತಿದ್ದರು. ಜೀವನದಲ್ಲಿ ಮೊದಲ ಸಲ ಒಬ್ಬರು ಅವರನ್ನು ಸ್ವಿಚ್ ಆರಿಸಿ ಎಂದು ಬೇಡಿಕೊಂಡದ್ದು. ಅಕ್ಷರ ಒತ್ತುತ್ತೇನೆ, ರೂಟರ್ ಕೇಳಿಸಿಕೊಳ್ಳುವುದೇ ಇಲ್ಲ. ಆಮೇಲೆ ನೋಡಿದರೆ ಪುಟ್ಟಿಯಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಎಂಬುದೊಂದು ಚಾಲೂ ಇತ್ತು. ಮೂರೇ ವಯರ್ ಇರುವಾಗ ಅದು ನಮ್ಮ ಮಾತನ್ನು ಗಂಟಲಲ್ಲೇ ತಡೆದಿಡುತ್ತದೆ. ಅದನ್ನು ತೆಗೆದು ಮತ್ತೆ "ಹಾಕಿ!" ಅಂದಾಗ ಪ್ರಾಂಪ್ಟ್ ಬಂತು, ಅಂದರೆ ರೂಟರ್ ನಿಂತು ನಮ್ಮ ಕಮಾಂಡಿಗೆ ಕಾಯತೊಡಗಿತು. ದೊಡ್ಡಪ್ಪ ತಾವೇ ಗೆದ್ದವರ ಹಾಗೆ ಎದ್ದು ಚಾ ಕೇಳಿದರು.

ಉಳಿದದ್ದು ಟಿಎಫ್‌ಟಿಪಿ. ಫೈಲ್ ಸಾಗಿಸಲು 1981ರಿಂದ ಇರುವ ಸರಳ ಪದ್ಧತಿ, ಪಾಸ್‌ವರ್ಡ್ ಗೀಸ್‌ವರ್ಡ್ ಏನೂ ಇಲ್ಲ. ಲ್ಯಾನ್ ಕೇಬಲ್ ಹಾಕಿ ಲ್ಯಾಪ್‌ಟಾಪಿನಿಂದ ಫೈಲ್ ಎಳೆದುಕೋ ಅಂದರೆ ಪರದೆ ತುಂಬ ಟಿ, ಟಿ, ಟಿ ಎಂದು ಬರುತ್ತದೆ. ಟೈಮ್‌ಔಟ್. ವಿಂಡೋಸ್ ಫೈರ್‌ವಾಲ್ ಬಾಗಿಲಲ್ಲಿ ಅಡ್ಡ ನಿಂತಿತ್ತು. ಅದನ್ನು ಆಚೆ ಕಳಿಸಿದ ಮೇಲೆ ಹ್ಯಾಶ್ ಗುರುತುಗಳು ಸಾಲುಗಟ್ಟಿ ಓಡಿದವು. ಒಟ್ಟು 4 ಎಂಬಿ ಕೂಡ ತುಂಬದ ಫೈಲು. ಮದುವೆಮನೆಯಲ್ಲಿ ಭಾವ ತೆಗೆದು ಕಳಿಸುವ ಮಸುಕು ಫೋಟೋ ಎಷ್ಟೋ ಸಲ ಇದಕ್ಕಿಂತ ದೊಡ್ಡದಿರುತ್ತದೆ.

ಈಗ ಹಳೆಯದನ್ನು ಅಳಿಸುವ ಕಮಾಂಡು. ಎದೆ ಡವಡವ ಅಂದದ್ದು ಇಲ್ಲಿ. ಫ್ಲ್ಯಾಶಿನ ಮೊದಲ 128 ಕೆಬಿಯಲ್ಲಿ ಯು-ಬೂಟ್ ಕೂತಿರುತ್ತದೆ. ಅದರ ನಂತರದಿಂದ ಅಳಿಸಬೇಕು. ವಿಳಾಸದಲ್ಲಿ ಒಂದು ಎರಡರ ಜಾಗದಲ್ಲಿ ಸೊನ್ನೆ ಬಿದ್ದರೆ ಯು-ಬೂಟೇ ಮಾಯ, ಈ ಮೂರು ವಯರೂ ಕೆಲಸಕ್ಕೆ ಬಾರವು. ಮಗಳು ಒಂದೊಂದೇ ಅಂಕಿ ಓದಿದಳು: "ಒಂಬತ್ತು, ಎಫ್, ಸೊನ್ನೆ, ಎರಡು, ಆಮೇಲೆ ನಾಲ್ಕು ಸೊನ್ನೆ." ನಾನು ಟೈಪ್ ಮಾಡಿದೆ. ಅವಳು ತಿರುಗಿ ಓದಿಸಿದಳು. ಈ ಶಿಸ್ತು ಅವಳ ಗಣಿತದ ಪೇಪರಿನಲ್ಲಿ ಇದ್ದಿದ್ದರೆ! ಹೆಂಡತಿ ಆ ಹೊತ್ತಿಗೆ ಸರಿಯಾಗಿ ಗ್ರೈಂಡರ್ ಪ್ಲಗ್ ಹಿಡಿದು ಹಾಲಿಗೆ ಬಂದಳು. ದೊಡ್ಡಪ್ಪ ಎರಡೂ ಕೈ ಚಾಚಿ ಬೋರ್ಡಿಗೆ ಅಡ್ಡ ಕೂತು, "ಇವತ್ತು ದೋಸೆ ಬೇಡ!" ಎಂದು ಕೂಗಿದರು. ಉಡುಪಿ ಹೋಟೆಲಿನಲ್ಲಿ ಆಯಸ್ಸು ಕಳೆದವರ ಬಾಯಲ್ಲಿ ಈ ಮಾತು!

ಅಳಿಸಿತು, ಬರೆಯಿತು, ಬೂಟ್ ಆಯಿತು. ದೀಪಗಳು ಒಂದೊಂದಾಗಿ ಹತ್ತಿದವು. ಎಲ್ಲರೂ ಮೊಬೈಲ್ ತೆಗೆದರು. ವೈಫೈ ಇಲ್ಲ. ಮಗಳು ನನ್ನ ಮುಖ ನೋಡಿದಳು, ಹೆಂಡತಿ ಗ್ರೈಂಡರ್ ನೋಡಿದಳು. ಓಪನ್‌ವರ್ಟ್ ಹೊಸದಾಗಿ ಹಾಕಿದಾಗ ವೈಫೈ ಆಫ್ ಆಗಿಯೇ ಬರುತ್ತದೆ. ಪಾಸ್‌ವರ್ಡ್ ಇಲ್ಲದೆ ಊರಿಗೆಲ್ಲ ಹಂಚುವುದು ಬೇಡ ಅಂತ. ಬ್ರೌಸರಿನಲ್ಲಿ ರೂಟರಿನ ವಿಳಾಸ 192.168.1.1 ತೆರೆದು, ದೇಶ ಭಾರತ ಅಂತ ಹಾಕಿ, ಒಂದು ಬಟನ್ ಒತ್ತುವಷ್ಟರ ಕೆಲಸ. ಆ ಅರ್ಧ ನಿಮಿಷದಲ್ಲಿ ನಾನು ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಸುದ್ದಿ ಲಿಫ್ಟಿನಲ್ಲಿ ಇಳಿಯಿತು. ದೊಡ್ಡಪ್ಪ ಅದಕ್ಕೆ ಜೊತೆಯಾಗಿ ಇಳಿದಿದ್ದರು. ಭಾನುವಾರ ಮೂರನೇ ಮಹಡಿಯ ಕಾಕಾ ತಮ್ಮ ರೂಟರನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ದೀಪವೇ ಹತ್ತುವುದಿಲ್ಲ. ಮೀಟರ್ ಹಿಡಿದು ನೋಡಿದರೆ ಪವರ್ ಅಡಾಪ್ಟರ್ ಕೆಟ್ಟಿದೆ, ಪೆಟ್ಟಿಗೆಗೆ ಏನೂ ಆಗಿಲ್ಲ. ನನ್ನ ಹತ್ತಿರ ಇದ್ದ ಅಂಥದೇ 9 ವೋಲ್ಟಿನ ಅಡಾಪ್ಟರ್ ಚುಚ್ಚಿದೆ, ಹತ್ತಿತು. ಕಾಕಾ ಏಳಲಿಲ್ಲ. "ತೇ ತೀನ್ ವಾಯರ್ ನಾಹೀ ಲಾವಣಾರ್?" ಎಂದರು. ಆ ಮೂರು ವಯರ್ ಹಾಕುವುದಿಲ್ಲವಾ ಅಂತ. ಬೇಕಾಗಿಲ್ಲ ಅಂದೆ. ಅವರ ಮುಖದಲ್ಲಿ ನಂಬಿಕೆ ಕಾಣಲಿಲ್ಲ.

ಗಲ್ಲಾಪೆಟ್ಟಿಗೆಯ ಹಿಂದಿನ ಗತ್ತಿನಲ್ಲಿ ಸೋಫಾದ ಮೇಲೆ ಕೂತಿದ್ದ ದೊಡ್ಡಪ್ಪ ಪೇಪರ್ ಇಳಿಸಿ ಹಿಂದಿಯಲ್ಲಿ ಹೇಳಿದರು: "ಆಪ್ ಕಾ ಮದರ್ ಸೀರಿಯಸ್ ನಹೀ ಹೈ. ಘರ್ ಜಾವೋ."

ಕಾಕಾ ಗಾಬರಿಯಾಗಿ ಎದ್ದು ನಿಂತರು. ಅವರ ತಾಯಿ ನಿಜಕ್ಕೂ ಕಲ್ಯಾಣಿನಲ್ಲಿ ಇದ್ದಾರೆ, ವಯಸ್ಸು ತೊಂಬತ್ತರ ಹತ್ತಿರ. ಇವರಿಗೆ ಹೇಗೆ ಗೊತ್ತು ಎಂದು ಕೇಳುತ್ತಾ ಮೊಬೈಲ್ ತೆಗೆದು ಅಲ್ಲೇ ಫೋನ್ ಹಚ್ಚಿದರು.