ಅಲಬಾಮಾದಲ್ಲಿ ವಿನಾಯಿತಿ ಇದೆ, ಬಿಡಬೇಡಿ

ಅಮೆರಿಕದಲ್ಲಿ ಲೇಆಫ್ ಆದವರಿಗೆ ಕಂಪನಿ ಕೊಡುವ ಪರಿಹಾರದ (ಸೆವರೆನ್ಸ್) ಹಣಕ್ಕೆ ಪೂರ್ತಿ ತೆರಿಗೆ ಬೀಳುತ್ತದೆ ಎಂದು ನಿಮ್ಮ ಲೇಖನದಲ್ಲಿದೆ. ಫೆಡರಲ್ (ಕೇಂದ್ರ ಸರ್ಕಾರದ) ತೆರಿಗೆಯ ಮಟ್ಟಿಗೆ ಅದು ಸರಿ. ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ತೆರಿಗೆಗಳು ಕೂಡ ಕಡಿತವಾಗುತ್ತವೆ. ಈ ಎರಡು ಕಡಿತಗಳ ಬಗ್ಗೆ 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹಾಗೆ ಹೇಳಿದೆ. ಆದರೆ ರಾಜ್ಯದ ತೆರಿಗೆ ಬೇರೆ ವಿಷಯ.

ಅಲಬಾಮಾ ರಾಜ್ಯದಲ್ಲಿ 25,000 ಡಾಲರ್‌ವರೆಗಿನ ಸೆವರೆನ್ಸ್‌ಗೆ ರಾಜ್ಯದ ಆದಾಯ ತೆರಿಗೆ ಇಲ್ಲ. ಆದರೆ ಒಂದು ಷರತ್ತು, ಕಂಪನಿಯ ಸಿಬ್ಬಂದಿ ಕಡಿತದಿಂದಲೇ ಕೆಲಸ ಹೋಗಿರಬೇಕು. ತಪ್ಪು ಮಾಡಿ ಕೆಲಸ ಕಳೆದುಕೊಂಡವರಿಗೆ ಇದು ಸಿಗುವುದಿಲ್ಲ.

ಅಲ್ಲಿರುವ ನಮ್ಮವರು ಡಬ್ಲ್ಯೂ-2 (ವರ್ಷದ ಸಂಬಳ, ತೆರಿಗೆ ಕಡಿತದ ಬಗ್ಗೆ ಕಂಪನಿ ಕೊಡುವ ಪತ್ರ) ಕೈಗೆ ಬಂದ ತಕ್ಷಣ 1 ಮತ್ತು 16ನೇ ಬಾಕ್ಸ್ ಹೋಲಿಸಿ ನೋಡಿ. 1ರಲ್ಲಿ ಫೆಡರಲ್ ಲೆಕ್ಕದ ಸಂಬಳ, 16ರಲ್ಲಿ ರಾಜ್ಯದ ಲೆಕ್ಕದ್ದು. ವಿನಾಯಿತಿ ಹಣವನ್ನೂ 16ರಲ್ಲಿ ಸೇರಿಸಿದ್ದರೆ ಸುಮ್ನೆ ಇರಬೇಡಿ. ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುವ ಪೇರೋಲ್‌ನವರಿಗೆ ಬರೆದು, ತಿದ್ದಿದ ಡಬ್ಲ್ಯೂ-2ಸಿ ಕೇಳಿ. ಲೇಆಫ್ ಪತ್ರವನ್ನು ಜೋಪಾನವಾಗಿಡಿ, ಕಾರಣಕ್ಕೆ ಅದೇ ಸಾಕ್ಷಿ. 17ನೇ ಬಾಕ್ಸ್‌ನಲ್ಲಿ ರಾಜ್ಯದ ತೆರಿಗೆ ಜಾಸ್ತಿ ಕಡಿತವಾಗಿದ್ದರೆ ಅಲಬಾಮಾದ ಆದಾಯ ತೆರಿಗೆ ರಿಟರ್ನ್ ಆದ ಫಾರ್ಮ್ 40 ಸಲ್ಲಿಸುವಾಗ ವಾಪಸ್ ಕೇಳಬಹುದು. ಕೆಲಸ ಹೋದ ಮನೆಗೆ ಒಂದೊಂದು ಡಾಲರ್ ಕೂಡ ಮುಖ್ಯ ಅಲ್ವಾ? ಸಂಪಾದಕರು ದಯವಿಟ್ಟು ಲೇಖನಕ್ಕೆ ಈ ವಿಷಯ ಸೇರಿಸಿ.