ಸತ್ಯಾಂಶ: ಸಾಲಾರ್ ಜಂಗ್ ಮ್ಯೂಸಿಯಂ ಒಬ್ಬರೇ ಕೂಡಿಸಿದ್ದಲ್ಲ

ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಪೂರ್ತಿ ಒಬ್ಬರೇ ಕೂಡಿಸಿದ್ದು, ಅವರೇ ಅದನ್ನು ಜನರಿಗೆ ಕೊಟ್ಟರು ಅನ್ನೋ ಮೆಸೇಜ್ ಆಗಾಗ ಬರುತ್ತದೆ. ಪ್ರೀತಿಯಿಂದಲೇ ಕಳಿಸುತ್ತಾರೆ. ಆದರೆ ಅದು ಪೂರ್ತಿ ನಿಜವಲ್ಲ.

ಸಾಲಾರ್ ಜಂಗ್ ಅನ್ನೋದು ಹೈದರಾಬಾದ್ ನಿಜಾಮರ ದಿವಾನರ ಮನೆತನದ ಬಿರುದು. ಮೆಸೇಜ್ ಹೇಳುವ ವ್ಯಕ್ತಿ ಮೂರನೇ ಸಾಲಾರ್ ಜಂಗ್. ಅವರು ಜೀವನವಿಡೀ ಕಲಾವಸ್ತು ಕೊಂಡದ್ದು ಹೌದು. ಅವರಿಗಿಂತ ಮುಂಚೆ ಅವರ ಅಜ್ಜ, ಮೊದಲನೇ ಸಾಲಾರ್ ಜಂಗ್ ಕೂಡ ಕೊಂಡಿದ್ದರು. ಅಲ್ಲಿನ ‘ಮುಸುಕಿನ ರೆಬೆಕ್ಕಾ’ ಶಿಲ್ಪವನ್ನೇ ನೋಡಿ. ಮುಖದ ಮೇಲಿನ ತೆಳು ಮುಸುಕೂ ಅಮೃತಶಿಲೆಯೇ. ಒಳಗಿನ ಮೂಗು, ತುಟಿ ಕಾಣುತ್ತವೆ. ಊದಿದರೆ ಬಟ್ಟೆ ಅಲ್ಲಾಡೀತು ಅನ್ನಿಸುತ್ತದೆ! ಇದನ್ನು ಕೊಂಡವರು ಮೊದಲನೇ ಸಾಲಾರ್ ಜಂಗ್, 1876ರಲ್ಲಿ. ಮೂರನೆಯವರು ಹುಟ್ಟಿದ್ದೇ 1889ರಲ್ಲಿ.

ಅವರು 1949ರಲ್ಲಿ ತೀರಿಕೊಂಡರು. ಮದುವೆಯಾಗಿರಲಿಲ್ಲ. 1951ರಲ್ಲಿ ಅವರ ಮನೆ ದಿವಾನ್ ದೇವ್ಡಿಯಲ್ಲೇ ಮ್ಯೂಸಿಯಂ ತೆರೆಯಿತು. 1958ರಲ್ಲಿ ಹೈಕೋರ್ಟ್ ತೀರ್ಪಿನ ಆದೇಶದಂತೆ ರಾಜಿ ಪತ್ರವಾಗಿ, ವಾರಸುದಾರರಾದ ಬಂಧುಗಳು ಸಂಗ್ರಹವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು. 1961ರಲ್ಲಿ ಸಂಸತ್ತು ಈ ಮ್ಯೂಸಿಯಂಗಾಗಿಯೇ ಕಾಯ್ದೆ ಮಾಡಿತು. ಮ್ಯೂಸಿಯಂ ಈಗಿನ ಕಟ್ಟಡಕ್ಕೆ ಬಂದದ್ದು 1968ರಲ್ಲಿ. ಆ ವಾರಸುದಾರರನ್ನೂ ನೆನೆಯಬೇಕು ಅಲ್ವಾ? ಹಂಚಿಕೊಂಡಿದ್ದರೆ ಎಲ್ಲ ಚದುರಿ ಹೋಗುತ್ತಿತ್ತು.

ಇಂಥದ್ದನ್ನು ಪರೀಕ್ಷಿಸೋದು ಕಷ್ಟವಲ್ಲ. ವಸ್ತು ಕೊಂಡ ವರ್ಷವನ್ನು ಸಂಗ್ರಾಹಕರ ಹುಟ್ಟಿದ ವರ್ಷದ ಪಕ್ಕ ಇಟ್ಟು ನೋಡಿ. ಮ್ಯೂಸಿಯಂನ ಸ್ವಂತ ವೆಬ್‌ಸೈಟಿನಲ್ಲಿ ಇತಿಹಾಸದ ಪುಟ ಓದಿ. ಕೇಂದ್ರದ ಕಾಯ್ದೆಗಳೆಲ್ಲ ಸರ್ಕಾರಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಈ ಮ್ಯೂಸಿಯಂನದು 1961ರ ಪಟ್ಟಿಯಲ್ಲಿದೆ.