ಕೋಳಿಗೂಡು ಮಾರುವವರು ಒಳಗಿನ ಅಳತೆಯನ್ನೇಕೆ ಹೇಳುವುದಿಲ್ಲ?

‘12 ಕೋಳಿಗಳ ಗೂಡು’ ಎಂದು ದಪ್ಪ ಅಕ್ಷರಗಳಲ್ಲಿ ಬರೆದು, ಅದರ ಒಳನೆಲ ಎಷ್ಟು ಚದರ ಅಡಿ ಎಂಬುದನ್ನು ಎಲ್ಲಿಯೂ ತಿಳಿಸದೆ ರೆಡಿಮೇಡ್ ಗೂಡುಗಳನ್ನು ಮಾರುತ್ತಿರುವವರ ಮೇಲೆ ನನಗೆ ಬಂದಿರುವ ಸಿಟ್ಟು ಇನ್ನೂ ಇಳಿದಿಲ್ಲ. ಮುಂಗಾರಿಗೆ ಮುನ್ನ ಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸಲು ನಾಲ್ಕು ವಿವರ ಕೇಳಿದರೆ, ಯಾವ ಬಣ್ಣ ಬೇಕು, ಅಡ್ವಾನ್ಸ್ ಯಾವಾಗ ಹಾಕುತ್ತೀರಿ ಎಂಬ ಪ್ರಶ್ನೆಗಳೇ ಮರಳಿ ಬರುತ್ತವೆ.

ಕೊನೆಗೆ ಕೊಡಗಿನ ಕುಶಾಲನಗರದ ಅಂಗಡಿಯೊಂದರ ಮುಂದೆ ಜೋಡಿಸಿಟ್ಟಿದ್ದ ಗೂಡಿಗೆ ನಾನೇ ಟೇಪು ಹಿಡಿದೆ. ಉದ್ದ 4 ಅಡಿ, ಅಗಲ ಎರಡೂವರೆ ಅಡಿ. ಅಂದರೆ ಬರೀ 10 ಚದರ ಅಡಿ. ನೆಲಕ್ಕೆ ಹೊಟ್ಟು ಹಾಸಿ ಸಾಕುವ ಮೊಟ್ಟೆ ಕೋಳಿಯೊಂದಕ್ಕೆ ಕನಿಷ್ಠ 2 ಚದರ ಅಡಿಯಾದರೂ ಬೇಕು. ಆ ಲೆಕ್ಕದಲ್ಲಿ ಅಲ್ಲಿ ಐದು ಕೋಳಿಗಳಿಗೆ ಜಾಗವಿದೆ. ಗಿರಿರಾಜದಂತಹ ದೊಡ್ಡ ಮೈಕಟ್ಟಿನ ತಳಿಯಾದರೆ ಅಷ್ಟೂ ಇಲ್ಲ. ‘ಹಗಲು ತೋಟಕ್ಕೆ ಬಿಡುತ್ತೀರಲ್ಲ, ರಾತ್ರಿ ಮಲಗಲಿಕ್ಕೆ ತಾನೇ’ ಎಂದು ಅಂಗಡಿಯವರು ವಾದಿಸಿದರು. ನಮ್ಮ ನಾಪೋಕ್ಲು, ಭಾಗಮಂಡಲದ ಕಡೆ ಆಟಿ ತಿಂಗಳಲ್ಲಿ ಹಗಲಿರುಳೆನ್ನದೆ ಮಳೆ ಹುಯ್ಯುವಾಗ ಕೋಳಿಗಳನ್ನು ಬಿಡುವುದಾದರೂ ಎಲ್ಲಿಗೆ? ಕುಶಾಲನಗರದ ಮಳೆಯೇ ಬೇರೆ, ನಮ್ಮ ಮಳೆಯೇ ಬೇರೆ ಎಂಬುದು ಇದೇ ಜಿಲ್ಲೆಯಲ್ಲಿ ವ್ಯಾಪಾರ ಮಾಡುವವರಿಗೆ ತಿಳಿಯದ ಸಂಗತಿಯೇ?

ಆ ಗೂಡಿನ ಸೂರು ಗೋಡೆಯಿಂದ ಒಂದು ಗೇಣು ಕೂಡ ಹೊರಗೆ ಚಾಚಿರಲಿಲ್ಲ. ಗಾಳಿಯೊಂದಿಗೆ ಅಡ್ಡಡ್ಡವಾಗಿ ಬರುವ ಇರಚಲು ನೇರವಾಗಿ ಒಳಗೇ ಬೀಳುತ್ತದೆ. ಹಾಸಿದ ಹೊಟ್ಟು ಒಮ್ಮೆ ನೆನೆದರೆ ನಮ್ಮಲ್ಲಿ ವಾರಗಟ್ಟಲೆ ಒಣಗುವುದಿಲ್ಲ; ಹಿಕ್ಕೆಯೊಂದಿಗೆ ಸೇರಿ ಕಣ್ಣುರಿಸುವ ಅಮೋನಿಯಾ ಏಳುತ್ತದೆ, ಮರಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಪರಾವಲಂಬಿಗಳು ಅಂತಹ ತೇವದಲ್ಲಿಯೇ ಬಲಿಯುತ್ತವೆ. ನೀರು ಬೀಳದಂತೆ ತಾಡಪಾಲು ಸುತ್ತಿಬಿಡಿ ಎಂದರು. ಸುತ್ತಿದರೆ ಗಾಳಿಯಾಡುವುದಿಲ್ಲ, ಒಳಗಿನ ತೇವ ಒಳಗೇ ಉಳಿಯುತ್ತದೆ. ಗೋಡೆಯ ಹಲಗೆಯೋ ತೆಳ್ಳನೆಯ ಪ್ಲೈವುಡ್ಡು. ಬಾಗಿಲ ಬಳಿ ಅದರ ಅಂಚು ಆಗಲೇ ಪದರ ಪದರವಾಗಿ ಬಿಟ್ಟುಕೊಂಡಿತ್ತು, ಉಗುರಿನಿಂದ ಎಳೆದರೆ ಎದ್ದು ಬರುತ್ತಿತ್ತು.

ಜಾಲರಿಯಂತೂ ನನ್ನ ತಾಳ್ಮೆಯನ್ನೇ ಕೆಡಿಸಿತು. ಬೆರಳಿನಿಂದ ಒತ್ತಿದರೆ ಬಾಗುವ ಆರು ಮೂಲೆಯ ಕೋಳಿಬಲೆಯನ್ನು ಸಣ್ಣ ಪಿನ್ನು ಹೊಡೆದು ಕೂರಿಸಿದ್ದಾರೆ. ಮುಂಗುಸಿ, ಕಾಡುಬೆಕ್ಕು, ಹಾವುಗಳು ಓಡಾಡುವ ಕಾಫಿ ತೋಟದ ನಡುವೆ ಅರ್ಧ ಇಂಚು ಕಣ್ಣಿನ ಗಟ್ಟಿ ವೆಲ್ಡ್ ಮೆಶ್ (ಬೆಸೆದ ತಂತಿಯ ಜಾಲರಿ) ಇಲ್ಲದೆ ಕೋಳಿ ಉಳಿಯುವುದಿಲ್ಲ. ನೆಲದಿಂದ ತೋಡಿ ಬರುವ ಪ್ರಾಣಿಗೆ ಏನು ತಡೆಯೆಂದು ಕೇಳಿದಾಗ ಉತ್ತರವೇ ಬರಲಿಲ್ಲ.

ಬಡಗಿಯಿಂದ ಮಾಡಿಸಿಕೊಳ್ಳಿ ಎಂದು ಹೇಳುವುದು ಸುಲಭ. ತೋಟದಲ್ಲಿ ಬಿದ್ದ ಸಿಲ್ವರ್ ಓಕ್ ಮರವಿದ್ದರೂ ಮಳೆಗೆ ಮುಂಚೆ ಬಡಗಿಗಳೆಲ್ಲ ಮನೆಗಳ ಮಾಡಿನ ರಿಪೇರಿಯಲ್ಲಿ ಮುಳುಗಿರುತ್ತಾರೆ. ಅದಕ್ಕಾಗಿಯೇ ನಮ್ಮಂಥವರು ರೆಡಿಮೇಡಿನ ಕಡೆ ನೋಡುವುದು. ಆ ಅನಿವಾರ್ಯವನ್ನು ಚೆನ್ನಾಗಿ ಬಲ್ಲವರೇ ನಮ್ಮನ್ನು ಹೀಗೆ ಏಮಾರಿಸಲು ನಿಂತಿದ್ದಾರೆ.

ಒಳನೆಲದ ಅಳತೆ, ಸೂರಿನ ಚಾಚು, ಜಾಲರಿಯ ಕಣ್ಣಿನ ಗಾತ್ರ, ಹಲಗೆ ಯಾವುದು ಎಂಬುದನ್ನು ಬಿಲ್ಲಿನ ಮೇಲೆಯೇ ಬರೆದುಕೊಡಬೇಕೆಂದು ತಿಳಿಸಿ ಬಂದಿದ್ದೇನೆ. ಅಲ್ಲಿಯವರೆಗೆ ನನ್ನಿಂದ ಒಂದು ರೂಪಾಯಿ ಅಡ್ವಾನ್ಸ್ ಕೂಡ ಹೋಗುವುದಿಲ್ಲ.